ಕಾರು ಕಂಪನಿಯ ಹೆಸರು ಹೊತ್ತ ಎಂಜಿನ್ ಆಯಿಲ್: ಡಬ್ಬಿಯ ಮೇಲೆ ಓದಬೇಕಾದದ್ದು ಯಾವುದು?

ಬೆಂಗಳೂರಿನಿಂದ ಮೈಸೂರಿನ ದಾರಿ ಹಿಡಿದರೆ ಸಿಗುವ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2022ರಲ್ಲಿ ಎರಡು ಹೊಸ ಕಾರುಗಳ ತಯಾರಿಕೆ ಆರಂಭವಾಯಿತು. ಟೊಯೊಟಾ ಲಾಂಛನ ಹೊತ್ತದ್ದು ಅರ್ಬನ್ ಕ್ರೂಸರ್ ಹೈರೈಡರ್ ಎನಿಸಿತು, ಸುಝುಕಿಯ ಲಾಂಛನ ಹೊತ್ತದ್ದು ಗ್ರ್ಯಾಂಡ್ ವಿಟಾರಾ ಎನಿಸಿತು. ಎಂಜಿನ್ಗೆ ಸಣ್ಣ ವಿದ್ಯುತ್ ಮೋಟರಿನ ನೆರವಷ್ಟೇ ಇರುವ ಮೈಲ್ಡ್ ಹೈಬ್ರಿಡ್ ಮಾದರಿ ಕೊಂಡರೆ ಎರಡರಲ್ಲೂ ಇರುವುದು ಸುಝುಕಿಯ 1.5 ಲೀಟರ್ ಎಂಜಿನ್. ಮೋಟರಿನಿಂದಲೇ ಸ್ವಲ್ಪ ದೂರ ಓಡಬಲ್ಲ ಸ್ಟ್ರಾಂಗ್ ಹೈಬ್ರಿಡ್ ಕೊಂಡರೆ ಎರಡರಲ್ಲೂ ಇರುವುದು ಟೊಯೊಟಾದ 1.5 ಲೀಟರ್ ಮೂರು ಸಿಲಿಂಡರ್ ಎಂಜಿನ್. ಹೀಗಿದ್ದೂ ಸರ್ವಿಸ್‌ಗೆ ಬಿಟ್ಟ ದಿನ ಒಂದು ಕಾರಿಗೆ ಟೊಯೊಟಾ ಹೆಸರಿನ ಆಯಿಲ್ ಬೀಳುತ್ತದೆ, ಇನ್ನೊಂದಕ್ಕೆ ಮಾರುತಿ ಸುಝುಕಿ ಹೆಸರಿನ ಆಯಿಲ್ ಬೀಳುತ್ತದೆ. ಎಂಜಿನ್ ಒಂದೇ ಆಗಿರುವಾಗ ಆಯಿಲ್ ಮಾತ್ರ ಬೇರೆ ಏಕೆ ಎಂಬ ಪ್ರಶ್ನೆ ಈ ಕಾರುಗಳ ಮಾಲೀಕರಿಗೆ ಸಹಜವಾಗಿಯೇ ಬರುತ್ತದೆ.

ಇದು ಹೊಸ ಪ್ರಶ್ನೆಯೇನೂ ಅಲ್ಲ. ಫಿಯಟ್ ಸಂಸ್ಥೆಯ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್ ಮಾರುತಿ ಸ್ವಿಫ್ಟ್‌ನಲ್ಲಿಯೂ ಇತ್ತು, ಟಾಟಾ ಇಂಡಿಕಾ ವಿಸ್ತಾದಲ್ಲಿಯೂ ಇತ್ತು, ಫಿಯಟ್ ಪುಂಟೊದಲ್ಲಿಯಂತೂ ಇದ್ದೇ ಇತ್ತು. ಮಾರುತಿಯವರು ಅದನ್ನು ಡಿಡಿಐಎಸ್ ಎಂದು ಕರೆದರು, ಟಾಟಾದವರು ಕ್ವಾಡ್ರಾಜೆಟ್ ಎಂದರು. 2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಗೆ ಬಂದು ಆ ಎಂಜಿನ್ ಮಾರುಕಟ್ಟೆಯಿಂದ ಮರೆಯಾಗುವವರೆಗೂ ಪ್ರತಿಯೊಂದು ಕಂಪನಿಯ ಸರ್ವಿಸ್ ಸೆಂಟರ್ ತನ್ನ ಹೆಸರಿನ ಡಬ್ಬಿಯಿಂದಲೇ ಅದಕ್ಕೆ ಆಯಿಲ್ ತುಂಬಿಸಿತು. ಒಂದೇ ಎಂಜಿನ್ಗೆ ಹಲವು ಹೆಸರಿನ ಆಯಿಲ್‌ಗಳು ಹೊಂದುವುದಾದರೆ, ಹೊಂದಾಣಿಕೆಯ ಗುಟ್ಟು ಡಬ್ಬಿಯ ಮೇಲಿನ ಲಾಂಛನದಲ್ಲಿಲ್ಲ, ಬೇರೆಲ್ಲೋ ಇದೆ ಎಂದಾಯಿತು. ಆ ಗುಟ್ಟು ಕಾರಿನ ಜೊತೆಗೆ ಕೊಟ್ಟ ಮಾಲೀಕರ ಕೈಪಿಡಿಯ ಒಂದು ಪುಟದಲ್ಲಿಯೂ ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿಯೂ ಇದೆ. ಇವೆರಡನ್ನು ಹೋಲಿಸಿ ಓದುವುದು ಹೇಗೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಡಬ್ಬಿಯೊಳಗೆ ಬರುವವರೆಗಿನ ದಾರಿ

ಕಾರು ಕಂಪನಿಗಳಿಗೆ ಸಾಮಾನ್ಯವಾಗಿ ತಮ್ಮದೇ ಆದ ತೈಲ ಶುದ್ಧೀಕರಣ ಘಟಕಗಳಿರುವುದಿಲ್ಲ. ಎಂಜಿನ್ ಆಯಿಲ್‌ನ ಮುಕ್ಕಾಲು ಪಾಲಿಗೂ ಹೆಚ್ಚು ಭಾಗ ಮೂಲತೈಲ; ಅದು ಶುದ್ಧೀಕರಣ ಘಟಕಗಳಲ್ಲಿ ತಯಾರಾಗುತ್ತದೆ. ನಮ್ಮ ದೇಶದಲ್ಲಿ ಹಲ್ದಿಯಾ, ಚೆನ್ನೈ, ಮುಂಬಯಿಗಳಲ್ಲಿ ಅಂತಹ ಘಟಕಗಳಿವೆ; ಉತ್ತಮ ದರ್ಜೆಯ ಮೂಲತೈಲ ದಕ್ಷಿಣ ಕೊರಿಯಾದಿಂದಲೂ ದೊಡ್ಡ ಪ್ರಮಾಣದಲ್ಲಿ ಬರುತ್ತದೆ. ಉಳಿದ ಭಾಗವು ಸೇರ್ಪಡೆ ರಾಸಾಯನಿಕಗಳ ಮಿಶ್ರಣ: ಮಸಿಯನ್ನು ತೊಳೆಯುವುದು, ತೊಳೆದ ಕೊಳೆಯನ್ನು ತಳಕ್ಕೆ ಕೂರಲು ಬಿಡದೆ ತೇಲಿಸಿಡುವುದು, ಲೋಹಗಳು ಸವೆಯದಂತೆ ತೆಳುವಾದ ಪದರ ಕಟ್ಟುವುದು, ಬಿಸಿಯಾದಾಗ ಆಯಿಲ್ ತೀರಾ ತೆಳ್ಳಗಾಗದಂತೆ ತಡೆಯುವುದು, ಹೀಗೆ ಒಂದೊಂದಕ್ಕೂ ಒಂದೊಂದು ಕೆಲಸ. ಜಗತ್ತಿನಾದ್ಯಂತ ಈ ಮಿಶ್ರಣದ ಬಹುಪಾಲನ್ನು ಪೂರೈಸುವವು ಲೂಬ್ರಿಝಾಲ್, ಇನ್ಫಿನಿಯಂ, ಆಫ್ಟನ್ ಮತ್ತು ಷೆವ್ರಾನ್ ಒರೊನೈಟ್ ಎಂಬ ನಾಲ್ಕೇ ಸಂಸ್ಥೆಗಳು. ತೈಲ ಕಂಪನಿಯೊಂದು ಇವೆರಡನ್ನೂ ತನ್ನ ಸೂತ್ರದ ಪ್ರಕಾರ ಬೆರೆಸಿ ಡಬ್ಬಿಗೆ ತುಂಬಿಸುತ್ತದೆ. ಕಾರು ಕಂಪನಿಯ ಹೆಸರು ಅಂಟುವುದು ಎಲ್ಲಕ್ಕಿಂತ ಕೊನೆಗೆ.

ಇದು ಗುಟ್ಟಾಗಿ ನಡೆಯುವ ವ್ಯವಹಾರವಲ್ಲ. ಬಿಎಂಡಬ್ಲ್ಯು ಹೆಸರಿನ ಆಯಿಲ್ ಅನ್ನು ಬಹುಕಾಲ ಕ್ಯಾಸ್ಟ್ರಾಲ್ ಪೂರೈಸುತ್ತಿತ್ತು, 2015ರಿಂದ ಆ ಕೆಲಸ ಶೆಲ್ ಸಂಸ್ಥೆಗೆ ಹೋಯಿತು. ಹ್ಯುಂಡೈ ಮತ್ತು ಶೆಲ್ ನಡುವೆ 2005ರಿಂದ ಜಾಗತಿಕ ಒಪ್ಪಂದವಿದೆ. ಅಮೆರಿಕದಲ್ಲಿ ಟೊಯೊಟಾ ಹೆಸರಿನ ಆಯಿಲ್ ತಯಾರಾಗುವುದು ಎಕ್ಸಾನ್‌ಮೊಬಿಲ್‌ನಲ್ಲಿ ಎಂಬುದು ಅಲ್ಲಿನ ಮೆಕ್ಯಾನಿಕ್‌ಗಳಿಗೆಲ್ಲ ತಿಳಿದ ಸಂಗತಿ. ಬಿಎಂಡಬ್ಲ್ಯುವಿನ ಉದಾಹರಣೆ ಇಲ್ಲಿ ಬಹಳ ಮುಖ್ಯ. ಪೂರೈಕೆದಾರ ಬದಲಾದ ದಿನ ರಸ್ತೆಯಲ್ಲಿದ್ದ ಲಕ್ಷಾಂತರ ಎಂಜಿನ್ಗಳು ಬದಲಾಗಲಿಲ್ಲ. ಅವುಗಳಿಗೆ ಬೇಕಿದ್ದ ಗುಣಮಟ್ಟದ ಸಂಕೇತವೂ ಬದಲಾಗಲಿಲ್ಲ. ಹಳೆಯ ಡಬ್ಬಿ ಮತ್ತು ಹೊಸ ಡಬ್ಬಿ ಎರಡೂ ಅದೇ ಸಂಕೇತವನ್ನು ಪೂರೈಸಿದ್ದರಿಂದ ಮಾಲೀಕರಿಗೆ ವ್ಯತ್ಯಾಸವೇ ತಿಳಿಯಲಿಲ್ಲ.

ನಮ್ಮಲ್ಲಿ ಮಾರಾಟವಾಗುವ ಡಬ್ಬಿಯ ಮೂಲವನ್ನು ತಿಳಿಯಲು ಬೇರೆಯವರನ್ನು ಕೇಳುತ್ತ ಅಲೆಯಬೇಕಿಲ್ಲ. 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳ ಪ್ರಕಾರ ತಯಾರಕರ, ತುಂಬಿಸಿದವರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ತಯಾರಾದ ತಿಂಗಳು ಮತ್ತು ವರ್ಷ, ನಿವ್ವಳ ಪ್ರಮಾಣ, ಗರಿಷ್ಠ ಮಾರಾಟ ಬೆಲೆ ಇವೆಲ್ಲ ಡಬ್ಬಿಯ ಮೇಲೆ ಇರಲೇಬೇಕು. ಮಾರುತಿ ಸುಝುಕಿ ಜೆನ್ಯುಯಿನ್ ಆಯಿಲ್, ಎಕ್‌ಸ್ಟಾರ್, ಟೊಯೊಟಾ ಜೆನ್ಯುಯಿನ್ ಮೋಟರ್ ಆಯಿಲ್, ಟಾಟಾ ಮೋಟರ್ಸ್ ಜೆನ್ಯುಯಿನ್ ಆಯಿಲ್, ಮಹೀಂದ್ರಾದ ಮ್ಯಾಕ್ಸಿಮೈಲ್, ಹೀಗೆ ಯಾವ ಡಬ್ಬಿಯನ್ನಾದರೂ ತಿರುಗಿಸಿ ಹಿಂಬದಿಯನ್ನು ಓದಿದರೆ ಅದು ಯಾರ ಘಟಕದಿಂದ ಬಂದದ್ದು ಎಂಬ ಸುಳಿವು ಸಿಗುತ್ತದೆ.

ಹಾಗಾದರೆ ಕಾರು ಕಂಪನಿಯ ಆಯಿಲ್ ಎಂಬುದು ಬರೀ ಹೆಸರೇ? ಹಾಗೆಂದುಕೊಳ್ಳುವುದೂ ತಪ್ಪು. ಕಾರು ಕಂಪನಿಯು ಪೂರೈಕೆದಾರನಿಗೆ ಒಂದು ಲಿಖಿತ ಬೇಡಿಕೆಯನ್ನು ಕೊಟ್ಟಿರುತ್ತದೆ, ಕೆಲವೊಮ್ಮೆ ಅದು ಮಾರುಕಟ್ಟೆಯ ಸಾಮಾನ್ಯ ಮಾನದಂಡಕ್ಕಿಂತ ಹೆಚ್ಚಿನದನ್ನೇ ಕೇಳುತ್ತದೆ. ಮಜ್ದಾ ಅಮೆರಿಕದಲ್ಲಿ ಮಾರುವ ಆಯಿಲ್‌ನ ಹೆಸರಿನಲ್ಲಿಯೇ ‘ಮಾಲಿ’ ಎಂದಿದೆ. ಘರ್ಷಣೆ ತಗ್ಗಿಸುವ ಮಾಲಿಬ್ಡಿನಂ ಸಂಯುಕ್ತವನ್ನು ಅದರಲ್ಲಿ ಬೇಕೆಂದೇ ಸೇರಿಸಿದ್ದಾರೆ. ಆದ್ದರಿಂದ ಕಾರು ಕಂಪನಿಯ ಆಯಿಲ್ ಬಗ್ಗೆ ಖಚಿತವಾಗಿ ಹೇಳಬಹುದಾದದ್ದು ಇಷ್ಟು: ಅದು ಆ ಕಂಪನಿಯ ಈಗಿನ ಎಂಜಿನ್ಗಳಿಗೆ ಸಾಕಾಗುವ ಆಯಿಲ್. ಬೇರೆ ಯಾವ ಆಯಿಲ್ ಕೂಡ ಅದರ ಸಮಕ್ಕೆ ಬರುವುದಿಲ್ಲ ಎಂಬ ಅರ್ಥ ಅದರಿಂದ ಹೊರಡುವುದಿಲ್ಲ. ಆ ಕಂಪನಿಯ ಎಲ್ಲ ಕಾರುಗಳಿಗೂ ಒಂದೇ ಡಬ್ಬಿ ಹೊಂದುತ್ತದೆ ಎಂಬ ಅರ್ಥವಂತೂ ಖಂಡಿತ ಇಲ್ಲ. ಒಂದೇ ಹೆಸರಿನಲ್ಲಿ ನಾಲ್ಕಾರು ಬಗೆಯ ಡಬ್ಬಿಗಳಿರುತ್ತವೆ, ಹೆಚ್ಚಿನವರು ಎಡವುವುದು ಇಲ್ಲಿಯೇ.

ಮೊದಲು ನೋಡಬೇಕಾದದ್ದು ಗ್ರೇಡ್

ಡಬ್ಬಿಯ ಮೇಲೆ ದೊಡ್ಡದಾಗಿ 0ಡಬ್ಲ್ಯು-20, 5ಡಬ್ಲ್ಯು-30, 15ಡಬ್ಲ್ಯು-40 ಎಂದು ಬರೆದಿರುವುದೇ ಗ್ರೇಡ್. ಇದು ಆಯಿಲ್ ಎಷ್ಟು ಒಳ್ಳೆಯದು ಎಂಬುದನ್ನು ಹೇಳುವುದಿಲ್ಲ, ಎಷ್ಟು ಗಟ್ಟಿ ಅಥವಾ ಎಷ್ಟು ತೆಳು ಎಂಬುದನ್ನು ಮಾತ್ರ ಹೇಳುತ್ತದೆ. ಡಬ್ಲ್ಯು ಎಂದರೆ ಚಳಿಗಾಲ. ಅದರ ಹಿಂದಿನ ಅಂಕಿ ಚಿಕ್ಕದಿದ್ದಷ್ಟೂ ಕೊರೆಯುವ ಚಳಿಯಲ್ಲಿ ಆಯಿಲ್ ಸುಲಭವಾಗಿ ಹರಿಯುತ್ತದೆ: 0ಡಬ್ಲ್ಯು ಆಯಿಲ್ ಅನ್ನು ಮೈನಸ್ 35 ಡಿಗ್ರಿಯಲ್ಲಿ, 5ಡಬ್ಲ್ಯು ಆಯಿಲ್ ಅನ್ನು ಮೈನಸ್ 30 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ. ಬೀದರಿನ ಡಿಸೆಂಬರ್ ಚಳಿಯೂ ಇದರ ಹತ್ತಿರ ಸುಳಿಯುವುದಿಲ್ಲವಾದ್ದರಿಂದ ನಮ್ಮಲ್ಲಿ ಮೊದಲ ಅಂಕಿಗಿಂತ ಎರಡನೆಯ ಅಂಕಿಗೇ ಹೆಚ್ಚು ತೂಕ. ಆದರೂ ರಾತ್ರಿಯಿಡೀ ನಿಂತ ಎಂಜಿನ್ ಬೆಳಗ್ಗೆ ಚಾಲೂ ಆದಾಗ ಮೇಲಿನ ಕವಾಟಗಳವರೆಗೆ ಆಯಿಲ್ ಬೇಗ ಏರಲು ಮೊದಲ ಅಂಕಿಯೂ ಒಂದಿಷ್ಟು ನೆರವಾಗುತ್ತದೆ.

ಎರಡನೆಯ ಅಂಕಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಯಿಲ್‌ನ ಸ್ನಿಗ್ಧತೆ, ಅಂದರೆ ಹರಿಯಲು ಒಡ್ಡುವ ತಡೆ, ಎಷ್ಟು ಎಂಬುದನ್ನು ಸೂಚಿಸುತ್ತದೆ. 20ರ ಗ್ರೇಡ್‌ಗೆ 6.9ರಿಂದ 9.3 ಸೆಂಟಿಸ್ಟೋಕ್ (ಸ್ನಿಗ್ಧತೆಯ ಅಳತೆ), 30ರ ಗ್ರೇಡ್‌ಗೆ 9.3ರಿಂದ 12.5, 40ರ ಗ್ರೇಡ್‌ಗೆ 12.5ರಿಂದ 16.3 ಎಂಬ ಮಿತಿಗಳಿವೆ. ಇದರ ಜೊತೆಗೆ 150 ಡಿಗ್ರಿ ಬಿಸಿಯಲ್ಲಿ, ಬೇರಿಂಗ್‌ಗಳ ನಡುವೆ ಅರೆಯುವಂತಹ ರಭಸದಲ್ಲಿ ಆಯಿಲ್ ಪದರ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂಬ ಇನ್ನೊಂದು ಪರೀಕ್ಷೆಯೂ ಇದೆ. ಅದರಲ್ಲಿ 20ರ ಗ್ರೇಡ್ ಕನಿಷ್ಠ 2.6, 30ರ ಗ್ರೇಡ್ ಕನಿಷ್ಠ 2.9 ಅಂಕ ಪಡೆಯಬೇಕು. ಈ ಎರಡನೆಯ ಪರೀಕ್ಷೆಯೇ ಎಂಜಿನ್ಗೆ ಸಿಗುವ ರಕ್ಷಣೆಗೆ ಹೆಚ್ಚು ಹತ್ತಿರದ್ದು ಎಂದು ತಿಳಿದವರು ಹೇಳುತ್ತಾರೆ, ಅದು ಸರಿಯೂ ಹೌದು.

ನಮ್ಮ ಗ್ಯಾರೇಜ್‌ಗಳಲ್ಲಿ ಆಗಾಗ ಕೇಳುವ ಮಾತೊಂದಿದೆ: ಈ ನೀರಿನಂತಹ ತೆಳು ಆಯಿಲ್ ಜಪಾನಿನ ಚಳಿಗೆ ಸರಿ, ನಮ್ಮ ಬಿಸಿಲಿಗೆ ಗಟ್ಟಿ ಆಯಿಲ್ ಬೇಕು. ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳಿಗೆ ಗಟ್ಟಿ ಆಯಿಲ್ ಸುರಿದು ಪಳಗಿದ ಕೈಗಳ ಅನುಭವದಿಂದ ಬಂದ ಮಾತಿದು, ಅದರ ಹಿಂದೆ ಕಾಳಜಿಯೂ ಇದೆ. ಆದರೆ ರಾಯಚೂರಿನ ಮೇ ತಿಂಗಳ ಬಿಸಿಲಿಗೂ ಎಂಜಿನ್ ಒಳಗಿನ ಬಿಸಿಗೂ ನೇರ ಸಂಬಂಧ ಕಡಿಮೆ. ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಸೇರಿ ಎಂಜಿನ್ನಿನ ಶೀತಕವನ್ನು ಸುಮಾರು 90 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡುತ್ತವೆ. ಹೊರಗೆ 22 ಡಿಗ್ರಿ ಇರಲಿ, 42 ಡಿಗ್ರಿ ಇರಲಿ, ಒಳಗಿನ ಆಯಿಲ್ ಕಾಣುವ ಬಿಸಿಯಲ್ಲಿ ಅಷ್ಟೇ ದೊಡ್ಡ ಅಂತರ ಬೀಳುವುದಿಲ್ಲ. ಐದು ಜನರನ್ನೂ ಸಾಮಾನನ್ನೂ ಹೊತ್ತು, ಎಸಿ ಹಾಕಿಕೊಂಡು, ಚಾರ್ಮಾಡಿ ಘಾಟಿ ಹತ್ತುವಾಗ ಬಿಸಿ ಏರುವುದು ನಿಜ. ತಯಾರಕರು ಗ್ರೇಡ್ ನಿಗದಿ ಮಾಡುವಾಗ ಇಂತಹ ಬಳಕೆಗೂ ಅಂತರ ಇಟ್ಟಿರುತ್ತಾರೆ.

ಗಟ್ಟಿ ಆಯಿಲ್ ಹಾಕಿದರೆ ಹೆಚ್ಚಿನ ರಕ್ಷಣೆ ತಾನೇ ಸಿಗುವುದು, ನಷ್ಟವೇನು ಎಂಬ ಪ್ರಶ್ನೆಗೂ ಉತ್ತರವಿದೆ. ಈಗಿನ ಎಂಜಿನ್ಗಳಲ್ಲಿ ಆಯಿಲ್ ಬರೀ ಜಾರುವಿಕೆಗಾಗಿ ಇರುವುದಿಲ್ಲ. ಕವಾಟಗಳ ಸಮಯವನ್ನು ಬದಲಿಸುವ ವ್ಯವಸ್ಥೆಯು ಆಯಿಲ್‌ನ ಒತ್ತಡದಿಂದಲೇ, ಕಿರಿದಾದ ರಂಧ್ರಗಳ ಮೂಲಕವೇ ಕೆಲಸ ಮಾಡುತ್ತದೆ. ಪಂಪ್‌ನ ಗಾತ್ರವನ್ನೂ ಬೇರಿಂಗ್‌ಗಳ ಸಂದನ್ನೂ ಪಿಸ್ಟನ್ ರಿಂಗ್‌ಗಳ ಬಿಗಿಯನ್ನೂ ತೆಳು ಆಯಿಲ್‌ಗೆ ತಕ್ಕಂತೆ ಲೆಕ್ಕ ಹಾಕಿರುತ್ತಾರೆ. ಗ್ರೇಡ್ ಬದಲಿಸಿದ ಕೂಡಲೇ ಎಂಜಿನ್ ಕೆಡುವುದಿಲ್ಲ, ಆದರೆ ಮೈಲೇಜ್ ತಗ್ಗುತ್ತದೆ, ತಣ್ಣಗಿನ ಎಂಜಿನ್ನಲ್ಲಿ ಆಯಿಲ್ ತಲುಪಬೇಕಾದಲ್ಲಿಗೆ ತಡವಾಗಿ ತಲುಪುತ್ತದೆ. ಇನ್ನೊಂದು ಬದಿಯನ್ನೂ ಪ್ರಾಮಾಣಿಕವಾಗಿ ಹೇಳಬೇಕು: ತಯಾರಕರು ತೆಳು ಆಯಿಲ್ ಕಡೆಗೆ ಹೊರಳಿದ್ದಕ್ಕೆ ಇಂಧನ ಕ್ಷಮತೆಯ ನಿಯಮಗಳ ಒತ್ತಡವೂ ಒಂದು ಕಾರಣ. ಕಂಪನಿಯೊಂದು ಮಾರುವ ಎಲ್ಲ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯು ಕಿಲೋಮೀಟರಿಗೆ 130 ಗ್ರಾಂ ಮೀರಬಾರದೆಂಬ ನಿಯಮ ಭಾರತದಲ್ಲಿ 2017ರಲ್ಲಿ ಬಂತು, 2022ರಲ್ಲಿ ಅದು 113 ಗ್ರಾಂಗೆ ಇಳಿಯಿತು. ಹಾಗಾಗಿ ಕೆಲವು ಕೈಪಿಡಿಗಳು 0ಡಬ್ಲ್ಯು-20 ಉತ್ತಮ, ಸಿಗದಿದ್ದರೆ 5ಡಬ್ಲ್ಯು-30 ಆಗಬಹುದು ಎಂಬಂತೆ ಎರಡು ಮೂರು ಗ್ರೇಡ್‌ಗಳನ್ನು ಕೊಡುತ್ತವೆ. ಒಂದು ಲಕ್ಷ ಕಿಲೋಮೀಟರ್ ದಾಟಿ ಆಯಿಲ್ ಕುಡಿಯಲು ಶುರು ಮಾಡಿದ ಕಾರಿಗೆ, ಕೈಪಿಡಿ ಒಪ್ಪಿದ ಗ್ರೇಡ್‌ಗಳಲ್ಲಿಯೇ ಗಟ್ಟಿಯಾದದ್ದನ್ನು ಆರಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಕ್ರಮ. ಪಟ್ಟಿಯಲ್ಲೇ ಇಲ್ಲದ ಗ್ರೇಡ್‌ಗೆ ಹಾರುವುದು ಬೇಡ.

ದರ್ಜೆಯ ಅಕ್ಷರಗಳು

ಗ್ರೇಡ್ ಒಂದೇ ಆಗಿದ್ದರೂ ಎರಡು ಆಯಿಲ್‌ಗಳು ಗುಣದಲ್ಲಿ ಬೇರೆಯಾಗಿರಬಹುದು. ಅದನ್ನು ತಿಳಿಸುವುದು ಎಪಿಐ ಎಂಬ ಅಮೆರಿಕನ್ ಪೆಟ್ರೋಲಿಯಂ ಸಂಸ್ಥೆಯ ದರ್ಜೆ. ಪೆಟ್ರೋಲ್ ಎಂಜಿನ್ಗಳ ದರ್ಜೆ ಎಸ್ ಅಕ್ಷರದಿಂದ ಆರಂಭವಾಗುತ್ತದೆ, ಎರಡನೆಯ ಅಕ್ಷರ ಮುಂದೆ ಹೋದಂತೆ ಮಾನದಂಡ ಹೊಸದಾಗುತ್ತದೆ: ಎಸ್ಎನ್ 2010ರದ್ದು, ಎಸ್‌ಪಿ 2020ರದ್ದು, ಎಸ್‌ಕ್ಯು 2025ರದ್ದು. ಹೊಸ ದರ್ಜೆಯ ಆಯಿಲ್ ಅನ್ನು ಹಳೆಯ ದರ್ಜೆ ಕೇಳುವ ಎಂಜಿನ್ಗೆ ಹಾಕಬಹುದು, ಹಳೆಯದನ್ನು ಹೊಸದು ಕೇಳುವಲ್ಲಿ ಹಾಕಬಾರದು.

ಟರ್ಬೊ ಇರುವ, ಇಂಧನವನ್ನು ನೇರವಾಗಿ ಸಿಲಿಂಡರ್‌ನೊಳಗೆ ಸಿಂಪಡಿಸುವ ಸಣ್ಣ ಪೆಟ್ರೋಲ್ ಎಂಜಿನ್ಗಳಿಗೆ, ಅಂದರೆ ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾದ ಟಿಎಸ್ಐ, ಮಾರುತಿಯ ಬೂಸ್ಟರ್‌ಜೆಟ್, ಹ್ಯುಂಡೈ ಮತ್ತು ಕಿಯಾದ ಟರ್ಬೊ ಜಿಡಿಐ ಇಂತಹವುಗಳಿಗೆ, ಈ ಅಕ್ಷರಗಳು ಬಹಳ ಮುಖ್ಯ. ಕಡಿಮೆ ವೇಗದಲ್ಲಿ ಮೇಲಿನ ಗೇರ್‌ನಲ್ಲಿಯೇ ಆಕ್ಸಿಲರೇಟರ್ ಒತ್ತಿದಾಗ, ಸಿಲಿಂಡರ್‌ನ ಗೋಡೆಯಿಂದ ಸಿಡಿದ ಆಯಿಲ್ ಮತ್ತು ಪೆಟ್ರೋಲಿನ ಹನಿಯೊಂದು ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುವ ಮೊದಲೇ ಹೊತ್ತಿಕೊಳ್ಳುವುದುಂಟು. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗ ನಡೆಯುವ ಈ ಸ್ಫೋಟ ಪಿಸ್ಟನ್ ಅನ್ನೇ ಒಡೆಯಬಲ್ಲದು. ಆಯಿಲ್‌ನಲ್ಲಿ ತೊಳೆಯುವ ಕೆಲಸಕ್ಕೆಂದು ಸೇರಿಸುವ ಕ್ಯಾಲ್ಸಿಯಂ ಸಂಯುಕ್ತಗಳು ಹೆಚ್ಚಿದಷ್ಟೂ ಈ ಅಪಾಯ ಹೆಚ್ಚುತ್ತದೆ ಎಂಬುದು ಪ್ರಯೋಗಗಳಿಂದ ತಿಳಿದ ಮೇಲೆ, ಅವುಗಳ ಒಂದು ಪಾಲನ್ನು ಮೆಗ್ನೀಸಿಯಂ ಸಂಯುಕ್ತಗಳಿಗೆ ಬದಲಾಯಿಸಿದರು. ಈ ಅಪಾಯದ ಪರೀಕ್ಷೆ 2018ರ ಎಸ್ಎನ್ ಪ್ಲಸ್‌ನಲ್ಲಿ ಮೊದಲು ಸೇರಿತು, ಎಸ್‌ಪಿ ದರ್ಜೆಯು ಅದನ್ನು ಉಳಿಸಿಕೊಂಡು ಟೈಮಿಂಗ್ ಚೈನ್ ಸವೆತದ ಪರೀಕ್ಷೆಯನ್ನೂ ಸೇರಿಸಿಕೊಂಡಿತು. ಆದ್ದರಿಂದ ಕಾರು ಕಂಪನಿಯ ಹೆಸರಿನದ್ದೇ ಆದರೂ ಅಂಗಡಿಯ ಮೂಲೆಯಲ್ಲಿ ಉಳಿದ ಹಳೆಯ ಎಸ್ಎನ್ ಡಬ್ಬಿಗಿಂತ, ಅದೇ ಗ್ರೇಡ್‌ನ ಎಸ್‌ಪಿ ದರ್ಜೆಯ ಬೇರೆ ಹೆಸರಿನ ಡಬ್ಬಿ ಇಂತಹ ಎಂಜಿನ್ಗೆ ಮೇಲು.

ಡೀಸೆಲ್ ಕಾರುಗಳ ವಿಷಯದಲ್ಲಿ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಬಿಎಸ್-6 ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಇರುತ್ತದೆ. ಹಿಡಿದ ಮಸಿಯನ್ನು ಎಂಜಿನ್ ಆಗಾಗ ಸುಟ್ಟು ಹಾಕುತ್ತದೆ, ಆದರೆ ಆಯಿಲ್‌ನಲ್ಲಿರುವ ಲೋಹದ ಸಂಯುಕ್ತಗಳು ಸುಟ್ಟು ಉಳಿಯುವ ಬೂದಿಯನ್ನು ಮತ್ತೆ ಸುಡಲಾಗದು. ಅದು ಜಾಲರಿಯಲ್ಲಿ ಸೇರುತ್ತಲೇ ಹೋಗುತ್ತದೆ. ಅದಕ್ಕಾಗಿ ಯುರೋಪಿನ ಎಸಿಇಎ ಮಾನದಂಡದ ಸಿ ವರ್ಗದ ಆಯಿಲ್‌ಗಳಲ್ಲಿ ಬೂದಿಗೆ ಮಿತಿ ಇದೆ: ಸಿ2 ಮತ್ತು ಸಿ3ರಲ್ಲಿ ಅದು ಶೇಕಡ 0.8. ನಮ್ಮಲ್ಲಿ ಲಾರಿ, ಟ್ರ್ಯಾಕ್ಟರ್‌ಗಳಿಗೆ ಧಾರಾಳವಾಗಿ ಬಳಕೆಯಾಗುವ ಎಪಿಐನ ಡೀಸೆಲ್ ದರ್ಜೆಗಳಲ್ಲಿ ಒಂದಾದ ಸಿಐ-4ರ 15ಡಬ್ಲ್ಯು-40 ಆಯಿಲ್‌ಗೆ ಅಂತಹ ಮಿತಿಯೇ ಇಲ್ಲ. ತಿಪಟೂರು ಬಳಿಯ ನಮ್ಮ ಬಂಧುವೊಬ್ಬರ ಡೀಸೆಲ್ ಕಾರಿಗೆ ಊರಿನ ಗ್ಯಾರೇಜ್ ಒಂದರಲ್ಲಿ, ಡೀಸೆಲ್ ಎಂದರೆ ಡೀಸೆಲ್ ಎಂಬ ನಂಬಿಕೆಯಿಂದ, ಈ ಲಾರಿ ಆಯಿಲ್ ಹಾಕಿದರು. ಒಂದು ವರ್ಷದೊಳಗೆ ಡಿಪಿಎಫ್ ದೀಪ ಮತ್ತೆ ಮತ್ತೆ ಹೊತ್ತಿಕೊಳ್ಳತೊಡಗಿತು. ದಿನವೂ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸುವ ಅವರ ಅಭ್ಯಾಸವೂ ಅದಕ್ಕೆ ಕಾರಣವಾಗಿದ್ದಿರಬೇಕು, ಎಲ್ಲ ದೋಷವನ್ನೂ ಆಯಿಲ್ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ಜಾಲರಿ ಬದಲಿಸುವ ಖರ್ಚಿನ ಅಂದಾಜು ಕೇಳಿದ ದಿನ ಅವರ ಮುಖ ಕಳೆಗುಂದಿದ್ದನ್ನು ನಾನು ಮರೆತಿಲ್ಲ. ಡಿಪಿಎಫ್ ಇರುವ ಡೀಸೆಲ್ ಕಾರಿಗೆ ಕಾರು ಕಂಪನಿಯ ಡಬ್ಬಿಯನ್ನೇ ಹಾಕಿಸಿ ಎಂದು ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ, ಏಕೆಂದರೆ ಸಣ್ಣ ಊರುಗಳ ಅಂಗಡಿಗಳಲ್ಲಿ ಕಡಿಮೆ ಬೂದಿಯ ಸರಿಯಾದ ಆಯಿಲ್ ಸಿಗುವುದೇ ಕಷ್ಟ.

‘ಅನುಮೋದಿತ’ ಎಂದರೇನು, ‘ಸೂಕ್ತ’ ಎಂದರೇನು

ಯುರೋಪಿನ ಕಾರು ಕಂಪನಿಗಳು ಎಪಿಐ, ಎಸಿಇಎ ದರ್ಜೆಗಳ ಮೇಲೆ ತಮ್ಮದೇ ಸಂಖ್ಯೆಗಳನ್ನು ಕೊಡುತ್ತವೆ. ಫೋಕ್ಸ್‌ವ್ಯಾಗನ್‌ನ 504 00 ಮತ್ತು 507 00, 508 00 ಮತ್ತು 509 00, ಮರ್ಸಿಡಿಸ್‌ನ 229.51, ಬಿಎಂಡಬ್ಲ್ಯುವಿನ ಲಾಂಗ್‌ಲೈಫ್-04 ಇಂತಹವು. ಆಯಿಲ್ ತಯಾರಕರು ಹಣ ಕೊಟ್ಟು, ಆ ಕಂಪನಿಯ ಎಂಜಿನ್ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ಅನುಮೋದನೆ ಪಡೆಯಬೇಕು. ಡಬ್ಬಿಯ ಮೇಲೆ ‘ಅನುಮೋದನೆ’ ಅಂದರೆ ಅಪ್ರೂವಲ್ ಎಂಬ ಪದವಿದ್ದರೆ ಅದು ಆಗಿದೆ ಎಂದರ್ಥ. ‘ಅಗತ್ಯಗಳನ್ನು ಪೂರೈಸುತ್ತದೆ’, ‘ಇಂತಹ ಕಡೆ ಬಳಸಲು ಸೂಕ್ತ’ ಎಂಬ ಮಾತುಗಳಿದ್ದರೆ ಅದು ಆಯಿಲ್ ತಯಾರಕರು ತಾವಾಗಿ ಕೊಡುವ ಭರವಸೆ. ಆ ಭರವಸೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಎರಡರ ತೂಕ ಒಂದೇ ಅಲ್ಲ.

ಈ ಸಂಖ್ಯೆಗಳಲ್ಲಿ ಹೊಸದೆಲ್ಲ ಹಳೆಯದಕ್ಕೆ ಹೊಂದುತ್ತದೆ ಎಂಬ ಎಪಿಐ ನಿಯಮ ನಡೆಯುವುದಿಲ್ಲ. ಫೋಕ್ಸ್‌ವ್ಯಾಗನ್‌ನ 508 00 ಸಂಖ್ಯೆಯ 0ಡಬ್ಲ್ಯು-20 ಆಯಿಲ್ ಆ ಕಂಪನಿಯ ಹಳೆಯ ಎಂಜಿನ್ಗಳಿಗೆ ಹೊಂದುವುದಿಲ್ಲ. ಗುರುತಿಸಲು ಸುಲಭವಾಗಲೆಂದು ಅದಕ್ಕೆ ಹಸಿರು ಬಣ್ಣ ಬೆರೆಸಿರುತ್ತಾರೆ. ಒಂದೇ ಕಂಪನಿಯ ಒಂದು ಡಬ್ಬಿ ಅದೇ ಕಂಪನಿಯ ಇನ್ನೊಂದು ಕಾರಿಗೆ ಹೊಂದದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಕಾರು ಕಂಪನಿಯೇ ದೇಶ ಬಿಟ್ಟು ಹೋದಾಗ ಈ ಸಂಖ್ಯೆಗಳ ಬೆಲೆ ಪೂರ್ತಿ ತಿಳಿಯುತ್ತದೆ. ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಇಕೊಸ್ಪೋರ್ಟ್‌ನ 1.0 ಲೀಟರ್ ಇಕೊಬೂಸ್ಟ್ ಎಂಜಿನ್ನಲ್ಲಿ ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲಿ ನೆನೆದುಕೊಂಡೇ ತಿರುಗುತ್ತದೆ. ತಪ್ಪು ಆಯಿಲ್ ಹಾಕಿದರೆ ಬೆಲ್ಟಿನ ರಬ್ಬರ್ ಸವೆದು, ಅದರ ಚೂರುಗಳು ಆಯಿಲ್ ಪಂಪ್‌ನ ಬಾಯಿಯ ಜಾಲರಿಯನ್ನು ಮುಚ್ಚಬಹುದು. ಆಗ ಎಂಜಿನ್ಗೆ ಆಯಿಲ್ ಒತ್ತಡವೇ ಸಿಗದು. ಈ ಎಂಜಿನ್ಗೆಂದು ಫೋರ್ಡ್ ನಿಗದಿ ಮಾಡಿದ್ದು 948-ಬಿ ಎಂದು ಕೊನೆಗೊಳ್ಳುವ ಸಂಕೇತದ 5ಡಬ್ಲ್ಯು-20 ಆಯಿಲ್. ಫೋರ್ಡ್ ಹೆಸರಿನ ಡಬ್ಬಿ ಸಿಗದಿದ್ದರೆ ಚಿಂತೆಯಿಲ್ಲ, ಆ ಸಂಕೇತವಿರುವ ಬೇರೆ ಡಬ್ಬಿ ಹುಡುಕಿದರೆ ಸಾಕು. ಸಂಕೇತ ನೋಡದೆ, ಪೆಟ್ರೋಲ್ ಕಾರು ತಾನೇ ಎಂದು ಕೈಗೆ ಸಿಕ್ಕ 5ಡಬ್ಲ್ಯು-30 ಸುರಿಯುವುದು ಮಾತ್ರ ಅಪಾಯ.

ಡಬ್ಬಿಯ ಮುಂಭಾಗದಲ್ಲಿ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿರುವ ‘ಸಿಂಥೆಟಿಕ್’ ಪದಕ್ಕೆ ನಾನು ಕಡಿಮೆ ಮಹತ್ವ ಕೊಡುತ್ತೇನೆ. ರಾಸಾಯನಿಕವಾಗಿ ಕಟ್ಟಿದ ಮೂಲತೈಲಕ್ಕೆ ಮಾತ್ರ ಒಂದು ಕಾಲದಲ್ಲಿ ಈ ಹೆಸರಿತ್ತು. ಕಚ್ಚಾತೈಲವನ್ನೇ ಜಲಜನಕದ ನೆರವಿನಿಂದ ಬಹಳವಾಗಿ ಸಂಸ್ಕರಿಸಿದ, ಮೂರನೆಯ ಗುಂಪು ಎಂದು ಕರೆಯುವ ಮೂಲತೈಲಕ್ಕೂ ಈ ಹೆಸರು ಸಲ್ಲಬಹುದೆಂದು 1999ರಲ್ಲಿ ಅಮೆರಿಕದ ಜಾಹೀರಾತು ಸ್ವನಿಯಂತ್ರಣ ಸಂಸ್ಥೆಯೊಂದು, ಕ್ಯಾಸ್ಟ್ರಾಲ್ ವಿರುದ್ಧ ಮೊಬಿಲ್ ಕೊಟ್ಟ ದೂರಿನಲ್ಲಿ ತೀರ್ಮಾನಿಸಿತು. ಅಂದಿನಿಂದ ಆ ಪದದ ಅರ್ಥ ಸಡಿಲವಾಗಿದೆ. 0ಡಬ್ಲ್ಯು-20ರಂತಹ ಗ್ರೇಡ್ ತಯಾರಾಗಬೇಕಾದರೆ ಉತ್ತಮ ಮೂಲತೈಲ ಹೇಗೂ ಬೇಕೇ ಬೇಕು, ಹಾಗಾಗಿ ಗ್ರೇಡ್ ಮತ್ತು ದರ್ಜೆ ಸರಿಯಿದ್ದರೆ ಈ ಪದಕ್ಕಾಗಿ ಪ್ರತ್ಯೇಕವಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ದಿನಬಳಕೆಯ ಕಾರಿಗೆ ಆಯ್ಕೆ

ಟರ್ಬೊ ಇಲ್ಲದ ಸಾಮಾನ್ಯ ಪೆಟ್ರೋಲ್ ಕಾರಿಗೆ, ಕೈಪಿಡಿಯ ಗ್ರೇಡ್ ಮತ್ತು ಎಸ್‌ಪಿ ದರ್ಜೆ ಎರಡೂ ಹೊಂದಿದರೆ, ಟೊಯೊಟಾ ಡಬ್ಬಿಯನ್ನು ಮಾರುತಿ ಕಾರಿಗೆ ಹಾಕಿದರೂ ಹೋಂಡಾ ಡಬ್ಬಿಯನ್ನು ಹ್ಯುಂಡೈ ಕಾರಿಗೆ ಹಾಕಿದರೂ ಎಂಜಿನ್ಗೆ ಹಾನಿಯಿಲ್ಲ. ಅಲ್ಲಿ ಬೆಲೆ, ತಯಾರಾದ ದಿನಾಂಕ ಮತ್ತು ಹತ್ತಿರದಲ್ಲಿ ಸಿಗುವುದು ಯಾವುದು ಎಂಬುದೇ ನಿರ್ಣಾಯಕ. ಲೆಕ್ಕ ಹಾಕುವಾಗ ಎಂಜಿನ್ ಹಿಡಿಯುವ ಪ್ರಮಾಣವನ್ನೂ ಗಮನಿಸಬೇಕು: ಸಣ್ಣ ಪೆಟ್ರೋಲ್ ಎಂಜಿನ್ಗಳು ಮೂರರಿಂದ ನಾಲ್ಕು ಲೀಟರ್ ಹಿಡಿಯುತ್ತವೆ, ಕಾರು ಕಂಪನಿಗಳು ತಮ್ಮ ಎಂಜಿನ್ಗೆ ಸರಿಹೊಂದುವ ಅಳತೆಯ ಡಬ್ಬಿಗಳನ್ನೇ ತರುವುದುಂಟು, ಬೇರೆಯವರ ನಾಲ್ಕು ಲೀಟರಿನ ಡಬ್ಬಿ ಕೊಂಡರೆ ಉಳಿಕೆಯಾಗುತ್ತದೆ.

ಹೆಸರಿನ ಆಯ್ಕೆಗಿಂತ ಬದಲಾವಣೆಯ ಅವಧಿಯೇ ಎಂಜಿನ್ನಿನ ಆಯುಷ್ಯಕ್ಕೆ ಹೆಚ್ಚು ಹತ್ತಿರದ್ದು ಎಂಬುದು ನನ್ನ ದೃಢವಾದ ನಂಬಿಕೆ. ಹೆಚ್ಚಿನ ಪೆಟ್ರೋಲ್ ಕಾರುಗಳಿಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು, ಎಂಬ ನಿಯಮವಿದೆ. ಹೆದ್ದಾರಿಯಲ್ಲಿ ಗಂಟೆಗೆ ಸರಾಸರಿ 60 ಕಿಲೋಮೀಟರ್ ಹೋಗುವ ಕಾರಿನ ಎಂಜಿನ್ ಆ ದೂರಕ್ಕೆ 167 ಗಂಟೆ ಓಡುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಅಥವಾ ಹೆಬ್ಬಾಳದ ದಟ್ಟಣೆಯಲ್ಲಿ ಗಂಟೆಗೆ 20 ಕಿಲೋಮೀಟರಿನಂತೆ ತೆವಳುವ ಕಾರಿನ ಎಂಜಿನ್ ಅದೇ ದೂರಕ್ಕೆ 500 ಗಂಟೆ ಓಡುತ್ತದೆ. ಸಮೀಪದ ಓಡಾಟವೇ ಹೆಚ್ಚಿದ್ದರೆ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ, ಸುಡದ ಪೆಟ್ರೋಲ್ ಮತ್ತು ನೀರಿನ ಅಂಶ ಆಯಿಲ್‌ನಲ್ಲಿ ಸೇರುತ್ತ ಹೋಗುತ್ತದೆ. ಆಗಾಗ ನಿಂತು ಚಾಲೂ ಆಗುವ ಸ್ಟ್ರಾಂಗ್ ಹೈಬ್ರಿಡ್ ಎಂಜಿನ್ಗಳಿಗೂ ಈ ಮಾತು ಸಲ್ಲುತ್ತದೆ. ಡಿಪಿಎಫ್ ಮಸಿ ಸುಡಲೆಂದು ಹೆಚ್ಚುವರಿ ಡೀಸೆಲ್ ಸಿಂಪಡಿಸುವ ಕಾರುಗಳಲ್ಲಂತೂ ಡಿಪ್‌ಸ್ಟಿಕ್ ಎಳೆದು ನೋಡಿದರೆ ಆ ಡೀಸೆಲ್ ಬೆರೆತು ಆಯಿಲ್ ಮಟ್ಟ ಇಳಿಯುವ ಬದಲು ಏರಿರುವುದು ಕಾಣಬಹುದು. ಇಂತಹ ಬಳಕೆಯನ್ನು ಕೈಪಿಡಿಗಳು ‘ಕಠಿಣ ಬಳಕೆ’ ಎಂದು ಕರೆದು ಅವಧಿಯನ್ನು ತಗ್ಗಿಸಲು ಹೇಳುತ್ತವೆ. ಆ ಸಾಲನ್ನು ಓದಿದವರು ಕಡಿಮೆ.

ವಾರಂಟಿಯ ಭಯವೂ ಆಯ್ಕೆಯ ಮೇಲೆ ಪ್ರಭಾವ ಬೀರುತ್ತದೆ. ಬಿಡಿಭಾಗಗಳ ಮಾರಾಟ ಮತ್ತು ಹೊರಗಿನ ಗ್ಯಾರೇಜ್‌ಗಳ ಮೇಲಿನ ನಿರ್ಬಂಧಕ್ಕೆ ಸಂಬಂಧಿಸಿದಂತೆ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚಿನ ದಂಡ ವಿಧಿಸಿತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡುವ ಷರತ್ತು ಕೂಡದೆಂದೂ ಹೇಳಿತು. ಆ ಆದೇಶದ ಮೇಲೆ ಮೇಲ್ಮನವಿಗಳು ನಡೆದವು. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಇಂತಹದೇ ಹೆಸರಿನ ಆಯಿಲ್ ಎಂಬ ಷರತ್ತು ಹಾಕುವಂತಿಲ್ಲ. ಅಲ್ಲಿರುವ ನಮ್ಮವರು ಅಂಗಡಿಯ ಆಯಿಲ್ ತಂದು ಮನೆಯಂಗಳದಲ್ಲೇ ಬದಲಿಸಿಕೊಂಡು ರಸೀದಿ ಎತ್ತಿಡುವುದಕ್ಕೆ ಈ ಕಾಯ್ದೆಯ ಬಲವಿದೆ. ನಮ್ಮಲ್ಲಿ ಕಾನೂನಿನ ಮಾತು ಏನೇ ಇದ್ದರೂ, ಎಂಜಿನ್ ಕೆಟ್ಟಾಗ ವಾದಿಸಬೇಕಾದವರು ಮಾಲೀಕರೇ. ಆದ್ದರಿಂದ ವಾರಂಟಿ ಇರುವವರೆಗೂ ಕಾರು ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಅವರ ಆಯಿಲ್ ಅನ್ನೇ ಹಾಕಿಸಿ, ಬಿಲ್ಲಿನಲ್ಲಿ ಗ್ರೇಡ್ ಮತ್ತು ಪಾರ್ಟ್ ನಂಬರ್ ಎರಡೂ ನಮೂದಾಗಿವೆಯೇ ಎಂದು ನೋಡಿಕೊಳ್ಳುವುದು ನೆಮ್ಮದಿಯ ದಾರಿ. ಅಲ್ಲಿ ಡಬ್ಬಿಯ ಬದಲು ಬ್ಯಾರೆಲ್‌ನಿಂದ ಆಯಿಲ್ ತುಂಬಿಸುವುದು ಸಾಮಾನ್ಯ. ಬ್ಯಾರೆಲ್ ಮೇಲಿನ ಗ್ರೇಡ್ ಯಾವುದೆಂದು ಕೇಳಲು ಸಂಕೋಚಪಡಬೇಕಿಲ್ಲ.

ವಾರಂಟಿ ಮುಗಿದ ಮೇಲೆ ಡಬ್ಬಿಯನ್ನು ನಾವೇ ಕೊಂಡು ನಂಬಿಕೆಯ ಮೆಕ್ಯಾನಿಕ್‌ಗೆ ಕೊಡುವ ಪದ್ಧತಿ ಬಹಳ ಜನರದ್ದು. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಕಡೆ ಎಲ್ಲ ಹೆಸರಿನ ಡಬ್ಬಿಗಳೂ ಸಿಗುತ್ತವೆ. ಹೆಸರು ದೊಡ್ಡದಾದಷ್ಟೂ ನಕಲಿಯ ಆಸೆಯೂ ದೊಡ್ಡದು ಎಂಬುದನ್ನು ನೆನಪಿಟ್ಟುಕೊಂಡು ಮುಚ್ಚಳದ ಉಂಗುರ ಮುರಿದಿಲ್ಲವೇ, ಬಾಯಿಗೆ ಅಂಟಿಸಿದ ಹಾಳೆ ಸರಿಯಿದೆಯೇ, ಡಬ್ಬಿಯ ಮೇಲಿನ ಬ್ಯಾಚ್ ಸಂಖ್ಯೆ ಅಳಿಸಿಲ್ಲವೇ ಎಂದು ನೋಡಬೇಕು. ತಯಾರಾಗಿ ಎರಡು ಮೂರು ವರ್ಷ ದಾಟಿದ ಡಬ್ಬಿಯನ್ನು ರಿಯಾಯಿತಿ ಕೊಟ್ಟರೂ ನಾನು ಕೊಳ್ಳುವುದಿಲ್ಲ. ಖಾಲಿ ಡಬ್ಬಿಯನ್ನು ಗ್ಯಾರೇಜ್‌ನಲ್ಲಿ ಬಿಟ್ಟು ಬರುವ ಮೊದಲು ಸ್ಕ್ರೂಡ್ರೈವರ್‌ನಿಂದ ತೂತು ಮಾಡಿಸಿದರೆ ಅದು ಮತ್ತೆ ತುಂಬಿ ಇನ್ನೊಬ್ಬರ ಕಾರಿಗೆ ಬೀಳುವುದು ತಪ್ಪುತ್ತದೆ.

ಉಳಿದ ಅರ್ಧ ಲೀಟರ್ ಆಯಿಲ್ ಅನ್ನು ಡಬ್ಬಿಯಲ್ಲೇ ಬಿಗಿಯಾಗಿ ಮುಚ್ಚಿ ಡಿಕ್ಕಿಯಲ್ಲಿ ಇಟ್ಟುಕೊಂಡರೆ ಮುಂದಿನ ಸರ್ವಿಸ್‌ವರೆಗೆ ಮಟ್ಟ ಇಳಿದಾಗ ತುಂಬಿಸಲು ಆಗುತ್ತದೆ. ಅದನ್ನು ಮನೆಯ ಬೈಕಿಗೆ ಸುರಿಯಬಾರದು. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಕೂಡ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ; ಕಾರಿನ ತೆಳು ಆಯಿಲ್‌ನಲ್ಲಿ ಮೈಲೇಜ್‌ಗೆಂದು ಸೇರಿಸಿದ ಘರ್ಷಣೆ ತಗ್ಗಿಸುವ ರಾಸಾಯನಿಕಗಳಿಂದ ಆ ಕ್ಲಚ್ ಜಾರತೊಡಗುತ್ತದೆ. ಬೈಕಿನ ಆಯಿಲ್ ಡಬ್ಬಿಯ ಮೇಲೆ ಜಪಾನಿನ ಜಾಸೊ ಮಾನದಂಡದ ಎಂಎ ಅಥವಾ ಎಂಎ2 ಎಂಬ ಗುರುತು ಇರುವುದು ಈ ಕಾರಣಕ್ಕೆ.